ಆಮೆಮರಿ ಸ್ವೀಕರಿಸಿದ ನೈವೇದ್ಯ

ಹಾಲುಬಂಡೆಯ ಪೂಜ್ಯ ಮುನೆಕ್ಕತಾಯಿಯವರಿಗೆ ಆಶ್ರಮವೆಂಬುದು ಇರಲಿಲ್ಲ. ಊರ ಹೊರಗೆ, ಬಂಡೆಯ ಬುಡದಲ್ಲಿ, ರೇಷ್ಮೆ ಸಾಕಣೆ ಕೈಬಿಟ್ಟವರು ಪಾಳುಬಿಟ್ಟಿದ್ದ ಹುಳುಮನೆಯೊಂದಿತ್ತು. ಅದೇ ಅವರ ಮಠ, ಅದೇ ಅವರ ಪೀಠ. ಹಿಂದೆ ತಾಯಿಯವರು ಅದೇ ಮನೆಯಲ್ಲಿ ಕೂಲಿಗೆ ಹುಳು ಸಾಕಿದವರು. ಆಗತಾನೆ ಮೊಟ್ಟೆಯೊಡೆದ ಹುಳುಗಳಿಗೆ ಹಿಪ್ಪುನೇರಳೆ ಎಲೆಯನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ಉದುರಿಸುತ್ತಿದ್ದ ಕೈ ಅದು. ಒಂದು ದಿನ, ತಾವು ಸಾಕಿದ ಹುಳುಗಳ ಗೂಡನ್ನು ಬಿಸಿನೀರಿಗೆ ಹಾಕುವುದನ್ನು ಕಂಡು ಅಲ್ಲೇ ಕುಳಿತುಬಿಟ್ಟರು. ಮೂರು ದಿನದ ಮೇಲೆ ಎದ್ದಾಗ ಅವರು ನಮ್ಮೆಲ್ಲರ ತಾಯಿಯಾಗಿದ್ದರು ಎಂದು ಹಿರಿಯರು ಹೇಳುತ್ತಾರೆ.

ಅವರ ಹೆಸರಿನಲ್ಲಿ ಪವಾಡ ಹೆಣೆಯುವವರಿಗೆ ಬರವಿಲ್ಲ. ಈ ಆಮೆಮರಿಯ ಪ್ರಸಂಗವನ್ನೂ ಅವರು ಬಿಟ್ಟಿಲ್ಲ. ತಾಯಿಯವರು ಮುಟ್ಟಿದರಂತೆ, ಸಾಯುತ್ತಿದ್ದ ಆಮೆ ಎದ್ದು ಓಡಿತಂತೆ. ಆಮೆ ಓಡುವುದನ್ನು ಇವರು ಎಲ್ಲಿ ಕಂಡರೋ ನನಗೆ ತಿಳಿಯದು. ನಾನು ಕೇಳಿದ್ದು ಎಲ್ಲವನ್ನೂ ಕಣ್ಣಾರೆ ಕಂಡ ತಿರುಮಲಾಚಾರ್ಯರ ಬಾಯಿಂದ. ಅವರು ಹೇಳಿದಷ್ಟನ್ನೇ ಬರೆಯುತ್ತೇನೆ, ನನ್ನ ಮಟ್ಟಿಗೆ ಅಷ್ಟು ಮಹಿಮೆ ಸಾಕು.

ಆಚಾರ್ಯರು ಮೂವತ್ತೊಂದು ವರ್ಷಗಳಿಂದ ಊರೊಳಗಿನ ತಿಮ್ಮರಾಯಸ್ವಾಮಿ ಗುಡಿಯ ಅರ್ಚಕರಾಗಿದ್ದರು. ಮಡಿಯಲ್ಲಿ, ಮಂತ್ರದಲ್ಲಿ ಅವರ ತಪ್ಪು ಹಿಡಿಯುವವರಿರಲಿಲ್ಲ. ಮುನೆಕ್ಕತಾಯಿಯವರ ಹೆಸರೆತ್ತಿದರೆ ಮಾತ್ರ ಮೂಗು ಮುರಿಯುತ್ತಿದ್ದರು. "ಹುಳಕ್ಕೆ ಸೊಪ್ಪು ಹಾಕಿದೋರೆಲ್ಲ ತಾಯಿ ಆಗ್ಬಿಟ್ರೆ, ನಾವು ವೇದ ಓದಿದ್ದು ಯಾತಕ್ಕೆ?" ಎಂದು ಗುಡಿಯ ಜಗಲಿಯ ಮೇಲೆ ಕುಳಿತು ನಾಲ್ಕು ಜನರಿಗೆ ಕೇಳುವ ಹಾಗೆಯೇ ಅನ್ನುತ್ತಿದ್ದರು.

ಆದರೆ ಅವರ ಒಳಗೊಂದು ನೋವಿತ್ತು. ದಿನವೂ ಗರ್ಭಗುಡಿಯ ತೆರೆ ಎಳೆದು, ಗಂಟೆ ಬಾರಿಸಿ, ಸ್ವಾಮಿಯ ಮುಂದೆ ಅನ್ನದ ತಟ್ಟೆ ಇಟ್ಟು ನೈವೇದ್ಯ ಮಾಡುತ್ತಿದ್ದರು. ತೆರೆ ಸರಿಸಿದಾಗ ತಟ್ಟೆ ಇಟ್ಟ ಹಾಗೆಯೇ ಇರುತ್ತಿತ್ತು. ಶಾಸ್ತ್ರ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮೊದಮೊದಲು ಅವರಿಗೂ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ, ಮನೆಯಲ್ಲಿ ಒಬ್ಬರೇ ಉಣ್ಣುವಂತಾದ ಮೇಲೆ, ಆ ತುಂಬಿದ ತಟ್ಟೆಯನ್ನು ನೋಡಲು ಕಷ್ಟವಾಗತೊಡಗಿತು. ಒಳಗಿರುವವನು ನಿಜವಾಗಿ ಇದ್ದಾನೆಯೇ, ತಾನು ಕೊಟ್ಟದ್ದು ಅವನಿಗೆ ಮುಟ್ಟಿದೆಯೇ ಎಂಬ ಸಂಶಯ ಹತ್ತಿತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅರ್ಚಕನಾದವನು ಯಾರಿಗೆ ಹೇಳಿಯಾನು?

ಆ ವರ್ಷ ಮೊದಲ ಮಳೆ ಬಿದ್ದ ಮರುದಿನ ಗುಡಿಯ ಬಾಗಿಲು ತೆಗೆದಾಗ ಒಳಗೊಂದು ಆಮೆಮರಿ ಕಂಡಿತು. ಅಭಿಷೇಕದ ನೀರು ಹೊರಹೋಗುವ ಕಂಡಿಯಿಂದ ನುಸುಳಿ ಬಂದಿರಬೇಕು. ಅರ್ಧ ನಿಂಬೆಹಣ್ಣಿನಷ್ಟು ಗಾತ್ರ, ಕಪ್ಪು ಚಿಪ್ಪಿನ ಮೇಲೆ ಹಳದಿ ನಕ್ಷತ್ರಗಳು. ಅದು ಕುಳಿತಿದ್ದ ಜಾಗವಾದರೂ ಎಂಥದು! ಗರ್ಭಗುಡಿಯ ಮುಂದಿನ ನೆಲದಲ್ಲಿ ಹಿಂದಿನವರು ಕಲ್ಲಿನ ಆಮೆಯೊಂದನ್ನು ಕೆತ್ತಿದ್ದರು, ಸರಿಯಾಗಿ ಅದರ ಬೆನ್ನ ಮೇಲೆ. ಆಚಾರ್ಯರಿಗೆ ಮೈ ಜುಮ್ಮೆಂದಿತು. ಕೇಳಿದ್ದಕ್ಕೆ ಕೊನೆಗೂ ಉತ್ತರ ಬಂತು ಎಂದುಕೊಂಡರು. ಕೂರ್ಮಾವತಾರದ ಸ್ವಾಮಿಯೇ ಬಂದಿದ್ದಾನೆ ಎಂಬ ಸುದ್ದಿ ಹೊತ್ತು ನೆತ್ತಿಗೇರುವುದರೊಳಗೆ ಮೂರು ಹಳ್ಳಿ ದಾಟಿತು.

ಬೆಳ್ಳಿ ತಟ್ಟೆಯಲ್ಲಿ ನೀರು ತುಂಬಿ, ಮರಿಯನ್ನು ಅದರಲ್ಲಿ ಬಿಟ್ಟು, ಗರ್ಭಗುಡಿಯ ಕತ್ತಲಲ್ಲಿ ಇಟ್ಟರು. ಬೆಳಗ್ಗೆ ಸಂಜೆ ಹಾಲಿನ ಅಭಿಷೇಕ. ಚಿಪ್ಪಿನ ಮೇಲೆ ಪುಟ್ಟದೊಂದು ನಾಮ. ಮುಂದೆ ಕ್ಷೀರಾನ್ನ. ಉಪಚಾರಗಳಲ್ಲಿ ಒಂದನ್ನೂ ಬಿಡಲಿಲ್ಲ. ಅದಕ್ಕೆ ಹಸಿವಾಗಿದೆಯೇ, ಚಳಿಯಾಗಿದೆಯೇ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ. ಅಷ್ಟು ಜನ ಕೈಮುಗಿಯುತ್ತಿದ್ದರೂ ಅದರಷ್ಟು ದಿಕ್ಕಿಲ್ಲದ ಜೀವ ಆ ಊರಿನಲ್ಲಿ ಇನ್ನೊಂದಿರಲಿಲ್ಲ.

ಮೂರನೆಯ ವಾರಕ್ಕೆ ಮರಿಯ ಕಣ್ಣು ಅಂಟಿಕೊಂಡವು. ಚಿಪ್ಪು ಮೆತ್ತಗಾಯಿತು. ಕಾಲುಗಳು ಎತ್ತಿದರೆ ಜೋಲುತ್ತಿದ್ದವು. ಗುಡಿಗೆ ಹೂವು ಕೊಡುತ್ತಿದ್ದ ಗೌರಮ್ಮ ಇಣುಕಿ ನೋಡಿ, "ಅಯ್ನೋರೇ, ಇದು ನೀರಿನ್ ಆಮೆ ಅಲ್ಲ, ಹೊಲದ್ದು. ಒಣ ನೆಲದ್ ಮ್ಯಾಲೆ ತಿರುಗೋದು. ತಾಯಿ ತಾವ ತಗೊಂಡೋಗಿ" ಎಂದಳು.

ಆಚಾರ್ಯರು ಆ ದಿನವೆಲ್ಲ ಚಡಪಡಿಸಿದರು. ಮರುದಿನ ಮಧ್ಯಾಹ್ನ, ಊರು ಊಟ ಮಾಡಿ ಮಲಗಿದ ಹೊತ್ತಿನಲ್ಲಿ, ಮರಿಯನ್ನು ಉತ್ತರೀಯದೊಳಗೆ ಮುಚ್ಚಿಕೊಂಡು ಹಿತ್ತಿಲ ದಾರಿಯಿಂದ ಹುಳುಮನೆಗೆ ನಡೆದರು.

ತಾಯಿಯವರು ಬಾಗಿಲಲ್ಲಿ ಕುಳಿತು ರಾಗಿ ಕೇರುತ್ತಿದ್ದರು. ಮೊರ ಕೆಳಗಿಟ್ಟು ಮರಿಯನ್ನು ಅಂಗೈಗೆ ತೆಗೆದುಕೊಂಡರು. ಚಿಪ್ಪಿನ ಮೇಲಿನ ನಾಮ ನೋಡಿ ಅವರಿಗೆ ನಗು ತಡೆಯಲಿಲ್ಲ.

"ನಾಮ ಸಂದಾಗಿ ಇಕ್ಕಿದ್ದೀರ ಅಯ್ನೋರೇ. ಹೊಟ್ಟೆಗೇನ್ ಇಕ್ಕಿದ್ರಿ?"

"ಕ್ಷೀರಾನ್ನ ಕಣಮ್ಮ. ದಿನಾ ಎರಡು ಹೊತ್ತು."

"ತಿಂತಾ?"

ಆಚಾರ್ಯರು, ತಾವು ತಾತ್ಸಾರ ಮಾಡುತ್ತಿದ್ದ ಹೆಂಗಸಿನ ಮುಂದೆ, ಯಾರಿಗೂ ಹೇಳಿರದಿದ್ದನ್ನೆಲ್ಲ ಹೇಳಿಬಿಟ್ಟರು. "ಮೂವತ್ತೊಂದು ವರ್ಷ ಇಟ್ಟಿದೀನಿ ನೈವೇದ್ಯ. ಒಂದು ಅಗುಳು ಕಡಿಮೆ ಆಗಿದ್ದು ಕಾಣೆ. ಇದು ಬಂದಾಗ, ಕೊನೆಗೂ ನನ್ನ ಕೂಗು ಕೇಳಿಸ್ತು ಅಂದ್ಕೊಂಡೆ. ಈಗ ಇದೂ ಉಣ್ಣಲ್ಲ. ಇದು ನನ್ನ ಕೈಲಿ ಸತ್ರೆ, ಗುಡಿ ಬೀಗದ ಕೈ ಊರಿಗೆ ಒಪ್ಪಿಸಿ ಹೋಗ್ತೀನಮ್ಮ. ಇನ್ನು ಒಂದು ದಿನವೂ ಆ ತಟ್ಟೆ ಎತ್ತೋ ಶಕ್ತಿ ಇಲ್ಲ."

ತಾಯಿಯವರು ಉಪದೇಶ ಮಾಡಲಿಲ್ಲ. "ಪೂಜೆ ಆಗೈತೆ. ಊಟ ಆಗಿಲ್ಲ," ಎಂದರು. "ಮೊದ್ಲು ನಾಮ ತೊಳೀರಿ. ನೀವೇ ತೊಳೀರಿ."

ನಾಮ ಇಡುವ ಕೈಗೆ ನಾಮ ಅಳಿಸುವುದು ಸುಲಭವಲ್ಲ. ಆದರೂ ಆಚಾರ್ಯರು ಮಣ್ಣಿನ ತಟ್ಟೆಯಲ್ಲಿ ಬೆಚ್ಚಗಿನ ನೀರು ಹಾಕಿ, ಗಂಧ, ಹಾಲಿನ ಜಿಡ್ಡು ಎಲ್ಲವನ್ನೂ ತೊಳೆದರು. ತಾಯಿಯವರು ಹಳೆಯ ಸೀರೆಯ ಚೂರನ್ನು ಬತ್ತಿ ಮಾಡಿ ಮರಿಯ ಕಣ್ಣೊರೆಸಿದರು. ಆಮೇಲೆ ಅದನ್ನು ಹಿಪ್ಪುನೇರಳೆ ಗಿಡದ ಪಕ್ಕ, ಅರ್ಧ ಬಿಸಿಲು ಅರ್ಧ ನೆರಳು ಇರುವಲ್ಲಿ ಬಿಟ್ಟರು. ಚಿಕಿತ್ಸೆ ಎಂದರೆ ಇಷ್ಟೇ. ಮಂತ್ರವಿಲ್ಲ, ಭಸ್ಮವಿಲ್ಲ.

ಅಂದಿನಿಂದ ಆಚಾರ್ಯರು ಬೆಳಗಿನ ಪೂಜೆ ಮುಗಿಸಿದವರೇ ಹುಳುಮನೆಗೆ ಬರತೊಡಗಿದರು. ನಾಲ್ಕು ದಿನದ ಮೇಲೆ ಹಿತ್ತಿಲ ದಾರಿಯನ್ನೂ ಬಿಟ್ಟರು, ರಾಜಾರೋಷವಾಗಿ ಊರ ಮುಂದಿನಿಂದಲೇ ಬಂದರು. ತಾಯಿಯವರು ಅವರ ಕೈಗೆ ಎಲೆಯನ್ನೂ ಕತ್ತಿಯನ್ನೂ ಕೊಟ್ಟು ಹೆಚ್ಚಲು ಹೇಳಿದರು. ಆಚಾರ್ಯರು ಹೆಚ್ಚಿದ್ದನ್ನು ನೋಡಿ, "ಇದು ಬಾಗ್ಲಿಗೆ ಕಟ್ಟೋ ತೋರಣ ಆಯ್ತಲ್ಲ ಸ್ವಾಮಿ. ಅದರ ಬಾಯಿ ನೋಡಿ, ಆಮ್ಯಾಲೆ ಹೆಚ್ಚಿ" ಎಂದರು. ಆಚಾರ್ಯರು ನೆಲಕ್ಕೆ ಮಲಗಿ ಮರಿಯ ಬಾಯಿ ನೋಡಿದರು. ಎಳ್ಳು ಹಿಡಿಸುವಷ್ಟು ಬಾಯಿ. ಅದನ್ನು ಕಂಡಮೇಲೆ ಅವರ ಎಲೆಯೂ ಕೂದಲೆಳೆಯಾಯಿತು.

ಐದನೆಯ ದಿನ ಮರಿ ಕಣ್ಣು ಬಿಟ್ಟಿತು. ಏಳನೆಯ ದಿನ ನಾಲ್ಕು ಹೆಜ್ಜೆ ಹಾಕಿತು. ಎಲೆಯನ್ನು ಮಾತ್ರ ಮುಟ್ಟಲಿಲ್ಲ. ಎಂಟು, ಒಂಬತ್ತು. ಆಚಾರ್ಯರು ದಿನವೂ ಎಲೆ ಇಟ್ಟು, ಅದರ ಮುಂದೆ ಮುಖವಿಟ್ಟು ಕಾಯುತ್ತಿದ್ದರು. ಅವರ ಬೆನ್ನು ನೊಂದಿತು, ಕಣ್ಣು ಉರಿದವು, ಮರಿಯ ತಲೆ ಚಿಪ್ಪಿನ ಹೊರಗೆ ಬರಲಿಲ್ಲ. ಹತ್ತನೆಯ ದಿನ ಅವರು, "ಆಯಿತು, ಇದೂ ನನ್ನ ಕೈಯಿಂದ ತಿನ್ನಲ್ಲ. ನಾಳೆ ಬೀಗದ ಕೈ ಕೊಟ್ಟುಬಿಡ್ತೀನಿ" ಎಂದರು. ಬರಿಯ ಬೇಸರದ ಮಾತಲ್ಲ ಅದು. ಬೀಗದ ಕೈ ಸೊಂಟದಿಂದ ಬಿಚ್ಚಿ ಕೈಯಲ್ಲೇ ಹಿಡಿದಿದ್ದರು.

ತಾಯಿಯವರು ಅಂಗಳ ಗುಡಿಸುತ್ತಿದ್ದವರು ಪೊರಕೆ ನಿಲ್ಲಿಸಿ ಕೇಳಿದರು:

"ಅಲ್ಲ ಸ್ವಾಮಿ, ಗುಡೀಲಿ ದೇವರಿಗೆ ಅನ್ನ ಇಟ್ಟು, ಹಿಂಗೇ ಕಣ್ಣು ಬಿಟ್ಕೊಂಡು ಅವನ ಬಾಯೇ ನೋಡ್ತೀರಾ?"

"ಛೆ, ಎಲ್ಲಾದ್ರೂ ಉಂಟೇ ತಾಯಿ? ತೆರೆ ಎಳೀತೀವಿ."

"ಮತ್ತೆ?"

ಆಚಾರ್ಯರು ಬೀಗದ ಕೈಯನ್ನು ನೆಲಕ್ಕಿಟ್ಟು ಎದ್ದರು. ತಾವು ಮೊದಲ ಸಲ ಅವರನ್ನು 'ತಾಯಿ' ಎಂದದ್ದು ಕೂಡ ಅವರಿಗೆ ಗೊತ್ತಾಗಲಿಲ್ಲವಂತೆ. ಹೆಗಲ ಉತ್ತರೀಯ ತೆಗೆದು ಎರಡು ಹಿಪ್ಪುನೇರಳೆ ಗಿಡಗಳ ನಡುವೆ ಕಟ್ಟಿದರು. ಅದರ ಆಚೆ ಮರಿ, ಅದರ ಮುಂದೆ ಎಲೆ. ಈಚೆ ಬೆನ್ನು ತಿರುಗಿಸಿ ತಾವು ಕುಳಿತರು. ಕಣ್ಣು ಮುಚ್ಚಿದರು. ಅಭ್ಯಾಸಬಲದಿಂದ ತುಟಿ ತಾನಾಗಿಯೇ ಆಡಿತು, "ಪ್ರಾಣಾಯ ಸ್ವಾಹಾ, ಅಪಾನಾಯ ಸ್ವಾಹಾ..." ಗುಡಿಯಲ್ಲಿ ಈ ಮಂತ್ರವನ್ನು ಒಂದೇ ಉಸಿರಿಗೆ ಮುಗಿಸಿ ತೆರೆ ಸರಿಸಿಬಿಡುತ್ತಿದ್ದರು. ಇಂದು ಮಂತ್ರ ಮುಗಿದ ಮೇಲೂ ಕುಳಿತರು. ನೆರಳು ಒಂದು ಮೊಳ ಸರಿಯಿತು.

ಆಗ ಸದ್ದು ಬಂತು. ಮಗುವೊಂದು ಪಕ್ಕದ ಮನೆಯಲ್ಲಿ ಹಪ್ಪಳ ಕಡಿದಂಥ ಸದ್ದು. ಒಮ್ಮೆ. ಸ್ವಲ್ಪ ಬಿಟ್ಟು ಇನ್ನೊಮ್ಮೆ.

ಆಚಾರ್ಯರ ಕಣ್ಣಿಂದ ನೀರು ಇಳಿಯಿತು. ತಿರುಗಿ ನೋಡಲು ಕತ್ತು ಎಳೆಯುತ್ತಿತ್ತು. "ತಿರುಗಬ್ಯಾಡಿ," ಎಂದರು ತಾಯಿಯವರು ಮೆಲ್ಲಗೆ. "ಮುಗೀಲಿ." ಅವರ ಮುಖದ ತುಂಬ ನಗು ಇತ್ತು.

ಸದ್ದು ನಿಂತು ಎಷ್ಟೋ ಹೊತ್ತಾದ ಮೇಲೆ ಆಚಾರ್ಯರು ಉತ್ತರೀಯ ಸರಿಸಿದರು. ಎಲೆ ಕಡಿಮೆಯಾಗಿತ್ತು. ಮರಿಯ ಗಲ್ಲಕ್ಕೆ ಹಸಿರು ಮೆತ್ತಿತ್ತು. ಮಡಿಯ ಆಚಾರ್ಯರು, ಇನ್ನೊಬ್ಬರ ಮನೆಯ ನೀರನ್ನೂ ಮುಟ್ಟದವರು, ಉಳಿದ ಎಲೆಯ ಒಂದು ಎಳೆಯನ್ನು ಎತ್ತಿ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಆಮೇಲೆ ತಾಯಿಯವರ ಪಾದಕ್ಕೆ ಉದ್ದಂಡ ನಮಸ್ಕಾರ ಮಾಡಿದರು. ಇದನ್ನು ನನಗೆ ಹೇಳುವಾಗ ಅವರಿಗೆ ಎಂಬತ್ತು ದಾಟಿತ್ತು. ಎಲೆ ಹೇಗಿತ್ತು ಎಂದು ಕೇಳಿದೆ. "ಸ್ವಲ್ಪ ಒಗರು. ಆದ್ರೆ ಅಂಥ ಪ್ರಸಾದ ಇನ್ನೊಂದು ತಿಂದಿಲ್ಲ" ಎಂದು ಮಗುವಿನ ಹಾಗೆ ನಕ್ಕರು.

ಬೀಗದ ಕೈ ಅವರ ಸೊಂಟಕ್ಕೆ ಮರಳಿತು. ಚಿಪ್ಪು ಗಟ್ಟಿಯಾಗಿ, ಮರಿ ಬೆಳೆದು, ಮಳೆಗಾಲ ಕಳೆಯುವ ಹೊತ್ತಿಗೆ ತಾಯಿಯವರು ಅದನ್ನು ಬಂಡೆಯ ಹಿಂದಿನ ಕುರುಚಲು ಕಾಡಿಗೆ ಆಚಾರ್ಯರ ಕೈಯಿಂದಲೇ ಬಿಡಿಸಿದರು. ಕೂರ್ಮಸ್ವಾಮಿ ಎಲ್ಲಿ ಎಂದು ಊರವರು ಕೇಳಿದಾಗ ಆಚಾರ್ಯರು, "ಅವರ ಮನೆಗೆ ಹೋದರು, ಊಟ ಮಾಡ್ಕೊಂಡು ಹೋದರು" ಎಂದರು.

ಆ ಮೇಲೆ ಗುಡಿಯಲ್ಲಿ ಒಂದು ಬದಲಾವಣೆ ಎಲ್ಲರಿಗೂ ಕಂಡಿತು. ನೈವೇದ್ಯದ ಅನ್ನ ಬಿಸಿಯಾಗಿರತೊಡಗಿತು, ಮೆತ್ತಗೆ ಬೆಂದಿರತೊಡಗಿತು. ತೆರೆ ಎಳೆದರೆ ಬೇಗ ಸರಿಯುತ್ತಿರಲಿಲ್ಲ. ಹೊರಗೆ ನಿಂತವರ ಕಾಲು ಸೋಲುತ್ತಿತ್ತು. ಒಂದು ದಿನ ಊರಿನ ಪಟೇಲರು ತಾಳ್ಮೆಗೆಟ್ಟು, "ಏನ್ ಸ್ವಾಮಿ, ಒಳಗೇನ್ ಮಾಡ್ತಿದ್ದೀರಿ ಇಷ್ಟೊತ್ತು?" ಎಂದು ಕೂಗಿದರು.

ತೆರೆಯ ಹಿಂದೆ ಸ್ವಾಮಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ಕುಳಿತಿದ್ದ ಆಚಾರ್ಯರು ಅಲ್ಲಿಂದಲೇ ಹೇಳಿದರು:

"ಸ್ವಲ್ಪ ತಡೀರಿ ಪಟೇಲರೇ. ಇನ್ನೂ ಉಣ್ತಾ ಇದ್ದಾನೆ."