ಟೊಳ್ಳುಮರದ ತೊಟ್ಟಿಲು

ಕೋಳಿಗಳು ಕೂಗೋ ಬದಲು ಮಾತಾಡ್ತಿದ್ದ ಕಾಲವಂತೆ ಅದು. ಆಗ ಒಂದೂರಿನ ಹೊರಗೆ ಒಂದು ಮತ್ತಿಮರ. ಆ ಮರದ ಹೊಟ್ಟೇಲಿ ಬೋರಿ ಅನ್ನೋ ದೆವ್ವ ಇತ್ತಂತೆ. ನಗಬೇಡ್ರೋ, ದೆವ್ವಕ್ಕೂ ತಲೆ ಮೇಲೊಂದು ಸೂರು ಬೇಡ್ವಾ? ಬದುಕಿದ್ದಾಗ ಅವಳಿಗೆ ಮಕ್ಕಳಾಗಲಿಲ್ಲ. ಬಂಜೆ, ಬಂಜೆ ಅಂತ ಗಂಡನ ಮನೆಯೋರು ಹೊರಗೆ ತಳ್ಳಿದ್ರು. ಪಾಪ, ಈ ಮರದ ಬುಡದಲ್ಲೇ ಕೊರಗಿ ಕೊರಗಿ ಪ್ರಾಣ ಬಿಟ್ಟಳು. ಮರದಲ್ಲೊಂದು ಪೊಟರೆ ಇತ್ತು, ಅದರೊಳಗೆ ಸೇರ್ಕೊಂಡಳು. ಬರ್ತಾ ಬರ್ತಾ ತೊಗಟೆ ಬೆಳೆದು ಪೊಟರೆಯ ಬಾಯಿ ಮುಚ್ಚಿಹೋಯ್ತಂತೆ. ಹೊರಗಿಂದ ನೋಡಿದ್ರೆ ಮರ ಗಟ್ಟಿಮುಟ್ಟು. ಒಳಗೆ ಟೊಳ್ಳು, ಟೊಳ್ಳೊಳಗೆ ಬೋರಿ.

ಆ ಊರ ಮಾಯಿಗೌಡ ಹೊಸ ಮನೆ ಕಟ್ಟಿಸ್ತಿದ್ದ. ಅವನ ಸೊಸೆ ಹೊನ್ನಿ ತುಂಬಿದ ಬಸುರಿ. ಹುಟ್ಟೋ ಕೂಸಿನ ತೊಟ್ಟಿಲನ್ನ ನಡುತೊಲೆಗೆ ಕಟ್ಟಬೇಕು. ಆ ತೊಲೆಗೆ ಅಂತ ಇದೇ ಮತ್ತಿಮರ ಕಡಿಸಿ ತಂದ. ಬೋರಿ ಒಳಗಿಂದಲೇ ಎಲ್ಲಾ ಕೇಳಿಸ್ಕೊಂಡಳು. "ಅಯ್ಯೋ, ನನ್ನ ಮನೆ ಕೆಳಗೆ ಕೂಸು ಮಲಗುತ್ತಂತೆ! ದಿನಾ ಅದರ ನಗು ಕೇಳಬಹುದು!" ಅಂತ ಹಿಗ್ಗಿ ಹೀರೇಕಾಯಿ ಆದಳಂತೆ.

ತೊಲೆ ಗಟ್ಟಿನಾ ಅಂತ ಮೊದಲು ನೋಡಬೇಕಲ್ಲ. "ಮೂಟೆ ಮೇಲೆ ಮೂಟೆ ಹೇರ್ರೋ. ಎಷ್ಟಕ್ಕೆ ಮುರಿಯುತ್ತೋ ನೋಡಿಬಿಡೋಣ" ಅಂದ ಗೌಡ.

ಬಡಗಿ ಮುದ್ದಾಚಾರಿ ಹಣೆ ಚಚ್ಕೊಂಡ. "ಮುರಿದ ಮೇಲೆ ಗಟ್ಟಿ ಅಂತ ಗೊತ್ತಾಗಿ ಏನು ಬಂತು ಗೌಡ್ರೇ? ಒಲೆಗೆ ಹಾಕ್ತೀರಾ? ಮರಾನ ನೋಯಿಸದೆ ಕೇಳಬೇಕು."

ಎರಡು ಕಲ್ಲಿನ ಮೇಲೆ ತೊಲೆ ಇಟ್ಟು, ನಡುವೆ ಆಚಾರಿಯೂ ಗೌಡನೂ ಕೂತರು. ಗಟ್ಟಿ ಮರ ಬಗ್ಗೋದು ಕೂದಲೆಳೆಯಷ್ಟು, ನಾವು ಎದ್ದರೆ ತಾನೂ ಏಳುತ್ತೆ. ಟೊಳ್ಳು ಮರ ಜೋತುಬೀಳುತ್ತೆ. ಬೋರಿ ಒಳಗಿಂದ ಬೆನ್ನು ಕೊಟ್ಟು ತಡೆದಳು. ತೊಲೆ ಜಪ್ಪಯ್ಯ ಅಂದ್ರೂ ಅಲುಗಲಿಲ್ಲ.

"ಭೇಷ್! ಇನ್ನೊಂದು ಬಾಕಿ. ಆ ತುದೀಲಿ ನೀವು ಬಡೀರಿ, ಈ ತುದೀಲಿ ನಾನು ಕಿವಿ ಇಡ್ತೀನಿ. ಠಣ್ ಅಂದ್ರೆ ಗಟ್ಟಿ, ಡಬ್ ಅಂದ್ರೆ ಟೊಳ್ಳು" ಅಂದ ಆಚಾರಿ.

ಠಣ್ ಅನ್ನೋದೇನು ಮಹಾ, ದೆವ್ವದ ಗಂಟಲಿಗೆ ಅದೊಂದು ಕಷ್ಟವಾ? ಬೋರಿ ಕೆಮ್ಮಿ ಗಂಟಲು ಸರಿಮಾಡ್ಕೊಂಡು ಕೂತಳು.

ಅಷ್ಟರಲ್ಲಿ ಹೊನ್ನಿ ಬಂದಳು. ತೊಲೆಗೆ ಅರಿಶಿನ ಕುಂಕುಮ ಇಟ್ಟು, ಮೇಲೆ ಕೈಯಿಟ್ಟು ಮೆಲ್ಲಗೆ ಅಂದಳು: "ತಾಯಿ, ನನ್ನ ಕೂಸು ನಿನ್ನ ಕೆಳಗೆ ಮಲಗುತ್ತೆ. ಜೋಪಾನ ಮಾಡವ್ವ."

ತಾಯಿ! ಬದುಕಿದ್ದಾಗಲೂ ಸತ್ತಮೇಲೂ ಬೋರೀನ ಯಾರೂ ಹಂಗೆ ಕರೆದಿರಲಿಲ್ಲ. ಅವಳಿಗೆ ದುಃಖ ಉಕ್ಕಿ ಬಂತು. "ಇವತ್ತೇನೋ ಬೆನ್ನು ಕೊಟ್ಟೆ. ಅಮಾವಾಸ್ಯೆ ಬಂದ್ರೆ ದೆವ್ವ ಅಂದಮೇಲೆ ತಿರುಗೋಕೆ ಹೋಗಲೇಬೇಕು. ಅವತ್ತು ತೊಲೆ ಮುರಿದ್ರೆ ಕೂಸಿನ ಗತಿ ಏನು? ಬೇಡಪ್ಪಾ ಬೇಡ. ನನ್ನ ಮನೆ ಹೋದ್ರೆ ಹೋಗಲಿ" ಅಂದ್ಕೊಂಡಳಂತೆ.

ಗೌಡ ಕೊಡತೀಲಿ ಬಡಿದ. ಬೋರಿ ಎರಡು ಕೈಲೂ ಬಾಯಿ ಮುಚ್ಕೊಂಡು ಸುಮ್ಮನೆ ಕೂತಳು. ತೊಲೆ ಡಬ್ ಅಂತು.

"ಟೊಳ್ಳು ಗೌಡ್ರೇ, ನಡುವೆ ಟೊಳ್ಳು" ಅಂದ ಆಚಾರಿ. ಗೌಡನಿಗೆ ರೇಗಿಹೋಯ್ತು. "ಹಾಳಾಗ್ಲಿ, ಸೀಳಿ ಒಲೆಗೆ ಹಾಕ್ರೋ!" ಒಳಗೆ ಬೋರಿ ಮುದುರಿ ಮುದ್ದೆಯಾದಳು.

ಹೊನ್ನಿ ಅಡ್ಡ ಬಂದಳು. "ತಡೀರಿ ಮಾವ. ನಡುವೆ ಟೊಳ್ಳು ಅಂದ್ರೆ ತೊಟ್ಟಿಲು ಕೆತ್ತೋ ಕೆಲಸ ಅರ್ಧ ಆಗಿದೆ ಅಂತಲ್ವಾ?"

ಆಚಾರಿ ಬಿದ್ದು ಬಿದ್ದು ನಕ್ಕ. "ನನಗೇ ಹೊಳೀಲಿಲ್ವಲ್ಲವ್ವ!" ಅಂದವನೇ ಉಳಿ ಹಿಡಿದ. ಟೊಳ್ಳೇ ತೊಟ್ಟಿಲಾಯ್ತು. ತೊಲೆಗೆ ಬೇರೆ ಮರ ತಂದು, ಕೂತು ನೋಡಿದ್ರು, ಬಡಿದು ಕೇಳಿದ್ರು. ಅದು ಗಂಟೆ ಹೊಡೆದಂಗೆ ಠಣ್ ಅಂತು. ಆ ತೊಲೆಗೇ ತೊಟ್ಟಿಲು ಕಟ್ಟಿದ್ರು.

ಹೊನ್ನಿಗೆ ಹೆಣ್ಣುಕೂಸು ಹುಟ್ಟಿತು. ನಗು ಕೇಳಿದ್ರೆ ಸಾಕು ಅಂದ್ಕೊಂಡಿದ್ದ ಬೋರಿಗೆ ಕೂಸೇ ಮಡಿಲಿಗೆ ಬಂತು ನೋಡಿ! ಹೊನ್ನಿ ನೀರಿಗೆ ಹೋದಾಗ ಯಾರೂ ತೂಗದೆ ತೊಟ್ಟಿಲು ತೂಗ್ತಿತ್ತಂತೆ. ಅಮಾವಾಸ್ಯೆ ದಿನ ಮಾತ್ರ ಕೂಸು ರಚ್ಚೆ ಹಿಡೀತಿತ್ತಂತೆ.

ಅವರ ತೊಟ್ಟಿಲು ಅಲ್ಲಿ ತೂಗಲಿ, ನಿಮ್ಮ ಕಣ್ಣು ಇಲ್ಲಿ ಮುಚ್ಚಲಿ. ಕತೆ ಅತ್ತ ಹೋಯ್ತು, ನಾವು ಇತ್ತ ಉಳಿದ್ವಿ.