ಖಣದ ವ್ಯಾಪಾರಿ ಕುರಿಮರಿ ಹೊಂದಿಸಿದ್ದು

“‘ಲುಕ್ಡ್’ ಅನ್ನೋದು ಒಂದೇ ಪದ ರೀ ಸರ್. ಅದರ ಮುಂದ ‘ಅಟ್’ ಬಂದ್ರ ನೋಡಿದ, ‘ಫಾರ್’ ಬಂದ್ರ ಹುಡುಕಿದ, ‘ಆಫ್ಟರ್’ ಬಂದ್ರ ಜೋಪಾನ ಮಾಡಿದ. ‘ವೇಟೆಡ್’ ಅಂದ್ರ ‘ಫಾರ್’ ಬೇಕು, ‘ಲಿಸನ್ಡ್’ ಅಂದ್ರ ‘ಟು’ ಬೇಕು. ‘ಅರೈವ್ಡ್’ಗೆ ಒಮ್ಮೆ ‘ಅಟ್’, ಒಮ್ಮೆ ‘ಇನ್’. ಯಾವುದಕ್ಕ ಯಾವುದು ಅನ್ನೋದಕ್ಕ ನಿಯಮ ಏನ್ರಿ?”

ಹೀಗೆ ಕೇಳಿದವನು ಉಳವಪ್ಪ. ಸಂಗಯ್ಯ ಮಾಸ್ತರರ ಮನೆಗೆ ಅವನು ಎರಡು ವರ್ಷದಿಂದ ಇಂಗ್ಲಿಷ್ ಕಲಿಯಲು ಬರುತ್ತಿದ್ದ. ಮೂರು ನೋಟುಬುಕ್ಕಿನ ತುಂಬ ಪಟ್ಟಿ ಬರೆದಿದ್ದ. ಆ ಪುಟ್ಟ ಪದ ಎಲ್ಲಿ ತಪ್ಪೀತೋ ಎಂಬ ಅಂಜಿಕೆಯಿಂದ ಈವರೆಗೆ ಯಾರ ಮುಂದೆಯೂ ಇಂಗ್ಲಿಷಿನಲ್ಲಿ ಒಂದು ಇಡೀ ವಾಕ್ಯ ಆಡಿರಲಿಲ್ಲ. ಮಾಸ್ತರರು ಅವನ ಪ್ರಶ್ನೆಗೆ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಸೀರೆ ತೋರಿಸಿದರೆ ಸಾಕು, ಅದಕ್ಕೊಪ್ಪುವ ಕುಪ್ಪಸದ ಖಣವನ್ನು ಕ್ಷಣದಲ್ಲಿ ತೆಗೆದುಕೊಡುತ್ತಿದ್ದ. ಮೂವತ್ತು ವರ್ಷದಲ್ಲಿ ಅವನು ಹೊಂದಿಸಿದ ಒಂದು ಖಣವೂ ತಿರುಗಿ ಬಂದಿರಲಿಲ್ಲ. ಇದು ಅವನ ಹೆಮ್ಮೆ. ಹೆಮ್ಮೆಪಡುವ ಮಾತೇ, ಇಲ್ಲವೆನ್ನಬಾರದು.

ಅಂಗಡಿಯ ಗಾದಿಯ ಮೇಲೆ ಕೂತು ಕೂತು ಅವನ ಮೊಣಕಾಲು ಹಿಡಿದವು. ನಡೆಯಲು ಒಂದು ನೆಪ ಇರಲಿ ಎಂದು ಇಪ್ಪತ್ತು ಕುರಿಗಳನ್ನು ಮರಿಗಳ ಸಮೇತ ಕೊಂಡ. ಎಳೆಯ ಮರಿಗಳು ನಡೆಯಲಾರವೆಂದು ಅವನ್ನು ಚಕ್ಕಡಿಯಲ್ಲಿ ತಂದು ಹಿತ್ತಲಲ್ಲಿ ಕೂಡಿಹಾಕಿದ. ಹಿಂದಿನಿಂದ ನಡೆದು ಬಂದ ಕುರಿಗಳನ್ನು ಕೊಟ್ಟಿಗೆಯಲ್ಲಿ ಕೂಡಿಹಾಕಿದ. ಯಾವ ಮರಿ ಯಾವ ಕುರಿಯದೆಂದು ಕೇಳಿಕೊಂಡು ಬಂದಿರಲಿಲ್ಲ.

ಸಂಜೆಯ ಹೊತ್ತಿಗೆ ಮರಿಗಳು ಹಸಿದು ಕೂಗತೊಡಗಿದವು. ಕೆಚ್ಚಲು ಬಿಗಿದು ಕುರಿಗಳೂ ಕೂಗಿದವು. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಗದ್ದಲದಲ್ಲಿ ಮರಿಗಳು ತುಳಿತಕ್ಕೆ ಸಿಕ್ಕಾವು ಎಂದು ವ್ಯಾಪಾರಿಗೆ ಭಯ. ಮೊದಲು ಜೋಡಿ ಗೊತ್ತಾಗಲಿ, ಆಮೇಲೆ ಬಿಡೋಣ ಎಂದುಕೊಂಡ. ಜೋಡಿ ಹೊಂದಿಸುವುದು ಅವನಿಗೆ ಹೊಸ ಕೆಲಸವೇ?

ಕರಿ ಕುರಿಗೆ ಕರಿ ಮರಿ, ಬಿಳಿಗೆ ಬಿಳಿ, ಕಂದಿಗೆ ಕಂದು. ಒಂದೊಂದೇ ಮರಿಯನ್ನು ಎತ್ತಿ ಕೆಚ್ಚಲಿಗೆ ಹಿಡಿದ. ಕುರಿ ಮೂಸಿತು. ಮೂಸಿ ಗುಮ್ಮಿತು. ಮರಿಗೆ ಒಂದು, ವ್ಯಾಪಾರಿಯ ಮೊಣಕಾಲಿಗೆ ಒಂದು.

ಇಪ್ಪತ್ತರಲ್ಲಿ ಎರಡು ಜೋಡಿ ಕೂಡಿದವು. ವ್ಯಾಪಾರಿಗೆ ಅಷ್ಟೇ ಸಾಕಾಯಿತು. ನಿಯಮ ಸರಿಯಾಗಿಯೇ ಇದೆ, ಉಳಿದ ಹದಿನೆಂಟು ಅಪವಾದ ಎಂದ. ನಗಬೇಡ. ವ್ಯಾಕರಣದ ಪುಸ್ತಕಗಳಲ್ಲಿ ಇದಕ್ಕಿಂತ ಧೈರ್ಯದ ಮಾತುಗಳಿವೆ.

ಆ ಹದಿನೆಂಟಕ್ಕೆ ಎರಡನೆಯ ನಿಯಮ ಮಾಡಿದ. ದೊಡ್ಡ ಕುರಿಗೆ ದೊಡ್ಡ ಮರಿ, ಸಣ್ಣದಕ್ಕೆ ಸಣ್ಣದು. ಮರೆಯಬಾರದೆಂದು ಅಂಗಡಿಯಿಂದ ಹೊಸ ಬಟ್ಟೆಯ ಚೂರು ತಂದು ಜೋಡಿಗೊಂದು ಬಣ್ಣದಂತೆ ಕೊರಳಿಗೆ ಕಟ್ಟಿದ. ಈಗ ಕುರಿಗಳು ಮರಿಯನ್ನು ಹತ್ತಿರವೇ ಸೇರಿಸಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಮರಿ ಕೂಗುವುದನ್ನೂ ಬಿಟ್ಟು ಮೂಲೆಯಲ್ಲಿ ಮಲಗಿತ್ತು. ವ್ಯಾಪಾರಿ ಅದರ ಹತ್ತಿರ ಓಡಿದ. ಅವನು ಕೆಟ್ಟವನಲ್ಲ. ಆ ಮರಿಯ ಪಕ್ಕದಲ್ಲೇ ಕೂತು ಮೂರನೆಯ ನಿಯಮ ಯೋಚಿಸುತ್ತಿದ್ದ.

ಅಷ್ಟರಲ್ಲಿ ಕುರಿ ಮಾರಿದ ಮುದುಕಿ, ಮದುವೆ ಮಾಡಿಕೊಟ್ಟ ಮಗಳನ್ನು ನೋಡಿ ಹೋಗಲು ಬರುವಂತೆ, ತನ್ನ ಕುರಿಗಳನ್ನು ನೋಡಿ ಹೋಗಲು ಬಂದಳು.

“ಯವ್ವಾ, ಯಾವ ಮರಿ ಯಾವ ಕುರಿದು ಅಂತ ಒಂದೀಟು ಹೇಳಿಬಿಡ ಬೇ,” ಎಂದ ವ್ಯಾಪಾರಿ.

“ನನಗೇನ್ ಗೊತ್ರೀ ಸಾವ್ಕಾರ್ರ? ಅವಕ್ಕ ಗೊತ್ತೈತಿ. ಮೊದಲ ಕೊರಳಾಗಿನ ಆ ಅರಿವಿ ಬಿಚ್ಚರಿ, ಹೊಸ ಅರಿವಿ ಗಂಜಿ ನಾತದಾಗ ತಾಯಿಗೆ ಮರಿ ವಾಸನಿ ಹತ್ತವಲ್ದು. ಆಮ್ಯಾಲ ಬಾಗಿಲಾ ತಗೀರಿ.”

ವ್ಯಾಪಾರಿ ಅವುಗಳ ಕೊರಳಿನ ಬಟ್ಟೆಚೂರು ಬಿಚ್ಚಿದ. ಹೆದರುತ್ತಲೇ ಬಾಗಿಲು ತೆಗೆದ. ಧೂಳೆದ್ದಿತು. ಒಂದು ಮರಿ ತನ್ನದಲ್ಲದ ಕುರಿಯ ಕೆಳಗೆ ನುಗ್ಗಿ ಗುಮ್ಮಿಸಿಕೊಂಡಿತು. ಇನ್ನೊಂದರ ಹತ್ತಿರ ಓಡಿ ಅಲ್ಲಿಯೂ ಗುಮ್ಮಿಸಿಕೊಂಡಿತು. ಮೂರನೆಯದರ ಕೆಳಗೆ ಬಾಲ ಅಲ್ಲಾಡಿಸುತ್ತ ನಿಂತಿತು. ಮುದುಕಿ ಮೂಲೆಯ ಮರಿಯನ್ನು ಎತ್ತಿ ನಡುವೆ ಬಿಟ್ಟಳು. ಅದು ಬಿತ್ತು, ಎದ್ದಿತು, ಸಣ್ಣಗೆ ಒಮ್ಮೆ ಕೂಗಿತು. ಒಂದು ಕುರಿ ಉಳಿದವನ್ನೆಲ್ಲ ನೂಕಿಕೊಂಡು ಅದರ ಹತ್ತಿರ ಬಂತು. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಕೂಗೆಲ್ಲ ಅಡಗಿ, ಹಾಲು ಚೀಪುವ ಸದ್ದು ಮಾತ್ರ ಉಳಿಯಿತು.

ವ್ಯಾಪಾರಿಯ ಕಣ್ಣಲ್ಲಿ ನೀರು ಬಂತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಬಿಳಿ ಕುರಿಯ ಕೆಳಗೆ ಒಂದು ಕರಿ ಮರಿ ಹಾಲು ಕುಡಿಯುತ್ತಿತ್ತು. ಅದನ್ನು ತೋರಿಸಿ ಅವನು ಕೇಳಿದ.

“ಇದು ಹೆಂಗ ಬೇ?”

“ಹೆಂಗಂದ್ರ? ಹಡದೈತ್ರೀ.”

ಕತೆ ಇಲ್ಲಿಗೆ ಮುಗಿಯಿತು. ಉಳವಪ್ಪ ಪೆನ್ನು ಹಿಡಿದುಕೊಂಡೇ ಕೇಳುತ್ತಿದ್ದ. ಇದರಲ್ಲಿ ನಿಯಮವೆಂದು ಏನನ್ನು ಬರೆದುಕೊಳ್ಳಬೇಕು ಎಂದು ಕೇಳಿದ.

ಮಾಸ್ತರರು ಹೇಳಿದರು: “ಮರಿಗೆ ಹಸಿವಿತ್ತು ಉಳವಪ್ಪಾ, ಗುಮ್ಮಿಸಿಕೊಂಡರೂ ತಾಯಿನ್ನ ಹುಡುಕಿಕೊಂಡಿತು. ನಿನಗ ಇಂಗ್ಲಿಷಿನಾಗ ಯಾರ ಮುಂದ ಏನು ಹೇಳೋದೈತಿ?”