ಉಕ್ಕುವ ಪಾತ್ರೆ

ಅಡುಗೆಮನೆ ಒಡೆದು ಕಟ್ಟಿದ ಎರಡು ತಿಂಗಳೂ ಹಳೇ ಹಾಲಿನ ಪಾತ್ರೆ ವರಾಂಡದ ಮೂಲೆಯಲ್ಲಿ, ಸಿಮೆಂಟ್ ಧೂಳಿನ ನಡುವೆ ದುಡಿಯಿತು. ಅದರ ಹಾಲು ಉಕ್ಕಿದಾಗೆಲ್ಲ ಯಾರಾದರೂ ಗೊಣಗುತ್ತ ಓಡಿಬಂದು ಒಲೆ ಆರಿಸುತ್ತಿದ್ದರು. ಕೆಲಸ ಮುಗಿದ ದಿನ ಸೊಸೆ ಶಾಲ್ಮಲಾ ಅದನ್ನು ಗುಜರಿ ಚೀಲಕ್ಕೆ ಹಾಕಿ, ಹೊಸ ಒಲೆಯ ಮೇಲೆ ಹೊಸ ಹಾಲಿನ ಕುಕ್ಕರ್ ಇಟ್ಟಳು.

"ನಾನು ಒಂದು ಹನಿಯನ್ನೂ ಚೆಲ್ಲುವುದಿಲ್ಲ," ಎಂದಿತು ಕುಕ್ಕರ್.

"ನನಗೆ ಅದೊಂದು ಕಲಿಯಲಾಗಲಿಲ್ಲ," ಎಂದು ಪಾತ್ರೆ ಚೀಲದೊಳಗಿಂದಲೇ ಒಪ್ಪಿಕೊಂಡಿತು.

ಅತ್ತೆ ವಾರಿಜಮ್ಮ ಒಲೆಗೆ ಅರಿಸಿನ ಕುಂಕುಮ ಹಚ್ಚಿ, ಹಾಲು ಉಕ್ಕಲೆಂದು ಕಾದರು. ಕುಕ್ಕರ್ ಸೀಟಿ ಹಾಕಿತೇ ಹೊರತು ಹಾಲು ಉಕ್ಕಲಿಲ್ಲ.

"ಇದು ಉಕ್ಕೋದಿಲ್ಲ ಅತ್ತೆ. ಅದಕ್ಕೇ ತಂದದ್ದು."

"ಹೊಸ ಒಲೆ ಕಣೇ. ಹಾಲುಕ್ಕಿಸದೆ ಅಡುಗೆ ಹೇಗೆ ಶುರು ಮಾಡ್ಲಿ?"

ಶಾಲ್ಮಲಾ ಹೋಗಿ ಚೀಲ ಬಿಚ್ಚಿದಳು.

ಪಾತ್ರೆ ಒಲೆಯೇರಿತು. ಹಾಲು ಅಂಚಿಗೆ ಬಂದಂತೆ ಎಂದಿನ ಹಾಗೆ ಅದಕ್ಕೆ ಹೆದರಿಕೆಯಾಯಿತು. "ಹೊಳೆಯುವ ಒಲೆ, ಕಲೆಯಾಗಿಬಿಡುತ್ತದೆ."

"ಧೈರ್ಯವಾಗಿ ಚೆಲ್ಲು," ಎಂದಿತು ಪಕ್ಕದಲ್ಲಿದ್ದ ಕುಕ್ಕರ್. "ಅದು ನನ್ನಿಂದ ಆಗಲಿಲ್ಲ."

ಹಾಲು ನೊರೆನೊರೆಯಾಗಿ ಉಕ್ಕಿ ಒಲೆಯ ತುಂಬ ಹರಿಯಿತು. ಅತ್ತೆ ಸೊಸೆ ಇಬ್ಬರೂ ಕೈಮುಗಿದು ನಿಂತಿದ್ದರು. ಒಲೆ ಆರಿಸಲು ಯಾರೂ ಓಡಿಬರಲಿಲ್ಲ.